ನಮ್ಮ ಲ್ಯಾಪ್‌ಟಾಪ್ ಯಾರಿಗಾಗಿ ಕಾಯುತ್ತಿತ್ತು?

ಕಾಮರ್ಸ್ ಓದುವವರು ಕಂಪ್ಯೂಟರ್ ಬಗ್ಗೆ ಬರೆದರೆ ಅದು ಟ್ಯಾಲಿ ಬಗ್ಗೆಯೇ ಇರುತ್ತದೆ ಎಂದು ನಮ್ಮ ತರಗತಿಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಬರೆಯುತ್ತಿರುವುದು ಪರದೆಯ ಮೇಲೆ ಕಾಣಿಸದೆ ಹಿಂದೆ ಕೆಲಸ ಮಾಡುವ ಪ್ರೋಗ್ರಾಂಗಳ ಬಗ್ಗೆ. ಅವುಗಳಿಗೆ ಸರ್ವಿಸ್ ಅಂತಾರೆ. ಇವುಗಳ ಬಗ್ಗೆ ನಾನು ಕಲಿತದ್ದು ಆಸಕ್ತಿಯಿಂದ ಅಲ್ಲ, ಕರೆಂಟ್ ಹೋಗುತ್ತಿದ್ದುದರಿಂದ.

ನಮ್ಮ ಮನೆ ರಾಮನಗರದಲ್ಲಿ. ಅಬ್ಬಾ ಅವರದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ, ಕಾಟೇಜ್ ಬೇಸಿನ್. ಮನೆಯಲ್ಲಿ ಎಲ್ಲರೂ ಫಿಲೇಚರ್ ಅಂತಲೇ ಅನ್ನುವುದು. ಮಾರ್ಕೆಟ್‌ನಲ್ಲಿ ಹರಾಜಿನಲ್ಲಿ ಗೂಡು ಕೊಂಡು ತರುತ್ತಾರೆ, ಬೇಯಿಸುತ್ತಾರೆ, ಎಳೆ ಹಿಡಿದು ನೂಲು ತೆಗೆಯುತ್ತಾರೆ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಹಿಡಿಯಿತು ಎಂಬುದಕ್ಕೆ ರೆಂಡಿಟ್ಟಾ ಎಂದು ಹೆಸರು. ಮಿಶ್ರತಳಿ ಗೂಡಾದರೆ ಸುಮಾರು 7ರಿಂದ 8. ಅದು ಸ್ವಲ್ಪ ಏರಿದರೂ ಆ ಲಾಟ್‌ನಲ್ಲಿ ಲಾಭ ಇಲ್ಲ. ಈ ಲೆಕ್ಕ, ಸೌದೆಯ ಲೆಕ್ಕ, ಕೆಲಸಕ್ಕೆ ಬರುವ ನಾಲ್ಕು ಹೆಂಗಸರ ಕೂಲಿ ಮತ್ತು ಅಡ್ವಾನ್ಸ್ ಲೆಕ್ಕ, ಇಷ್ಟನ್ನೂ ಫಸ್ಟ್ ಪಿಯುಸಿ ಸೇರಿದಾಗಿನಿಂದ ನಾನು ನೋಡಿಕೊಳ್ಳುತ್ತೇನೆ. ಮೊದಲು ಇದೆಲ್ಲ ಒಂದು ನೋಟ್‌ಬುಕ್‌ನಲ್ಲಿತ್ತು. ಬೇಸಿನ್ ಇರುವ ಕೋಣೆಯಲ್ಲಿ ದಿನವಿಡೀ ಹಬೆ, ಎಲ್ಲರ ಕೈಯೂ ಒದ್ದೆ. ಆ ಪುಸ್ತಕದ ಅರ್ಧ ಪುಟಗಳಲ್ಲಿ ಮಸಿ ಕರಗಿ ನೀಲಿ ಮೋಡದ ಹಾಗೆ ಆಗಿತ್ತು.

ಅದಕ್ಕೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬಂತು. 4 ಜಿಬಿ ರ‍್ಯಾಮ್, ಹಳೇ ಮಾದರಿಯ ಹಾರ್ಡ್ ಡಿಸ್ಕ್, ಪೂರ್ತಿ ಸತ್ತಿರುವ ಬ್ಯಾಟರಿ. ಮಾರಿದ ಅಂಗಡಿಯವರು ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದರು. ಮಿಂಟ್‌ಗೆ ಲೈಸೆನ್ಸ್ ದುಡ್ಡು ಇಲ್ಲ, ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ, ಅದರ ಕ್ಯಾಲ್ಕ್‌ನಲ್ಲಿ ನಮ್ಮ ಲೆಕ್ಕ ಸರಾಗವಾಗಿ ಆಗುತ್ತದೆ. ತೊಂದರೆ ಇದ್ದುದು ಆನ್ ಆಗುವುದರಲ್ಲಿ. ಬ್ಯಾಟರಿ ಇಲ್ಲದ ಮೇಲೆ ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಕೂಡ ಹೋಗುತ್ತದೆ. ಬಂದ ಮೇಲೆ ಮತ್ತೆ ಆನ್ ಮಾಡಿದರೆ ಹತ್ತಿರ ಹತ್ತಿರ ಮೂರು ನಿಮಿಷ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಹೀಗೆ. ಅಬ್ಬಾ ಮಾರ್ಕೆಟ್‌ನಿಂದ ಬಂದು, ಕೈಯಲ್ಲಿ ಚೀಟಿ ಹಿಡಿದು, ನಿಂತೇ ಇರುತ್ತಿದ್ದರು. "ಯೇ ಇತ್ತಾ ಟೈಮ್ ಕೈಕು ಲೇರಾ?" ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ತಿಂಗಳು ನೋಡುತ್ತೇನೆ, ಹೀಗೇ ಇದ್ದರೆ ಇದನ್ನು ಮಾರಿ ನೋಟ್‌ಬುಕ್‌ಗೇ ಹೋಗೋಣ ಎಂದು ಅವರು ಹೇಳಿದ ಮೇಲೆ ಉತ್ತರ ಹುಡುಕಲೇಬೇಕಾಯಿತು. ಲ್ಯಾಪ್‌ಟಾಪ್ ಹೋದರೆ ಲೆಕ್ಕ ಮಾತ್ರವಲ್ಲ, ನನ್ನ ಓದೂ ಅದರ ಜೊತೆ ಹೋಗುತ್ತಿತ್ತು.

ಸರ್ವಿಸ್ ಎಂದರೇನು ಎಂದು ಮೊದಲು ಹೇಳಬೇಕು. ನೀವು ಕಂಪ್ಯೂಟರ್ ಆನ್ ಮಾಡಿದಾಗ ನೀವು ತೆರೆಯದೇ ಇದ್ದರೂ ಹತ್ತಾರು ಪ್ರೋಗ್ರಾಂಗಳು ಎದ್ದು ಕೂತಿರುತ್ತವೆ. ಒಂದು ವೈಫೈ ನೋಡಿಕೊಳ್ಳುತ್ತದೆ, ಒಂದು ಗಡಿಯಾರ ಸರಿಮಾಡುತ್ತದೆ, ಒಂದು ಪ್ರಿಂಟರ್‌ಗೆ ಬರುವ ಕಾಗದಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎಣಿಸಿದಾಗ 27 ಓಡುತ್ತಿದ್ದವು. ಹಳಬರು ಇವುಗಳನ್ನು ಡೀಮನ್ ಎಂದು ಕರೆಯುತ್ತಾರೆ. ನಮ್ಮ ದಾದಿ ಈ ಹೆಸರು ಕೇಳಿ ಲ್ಯಾಪ್‌ಟಾಪ್‌ನಿಂದ ಒಂದು ಮಾರು ದೂರ ಕೂತರು. ಹೆಸರಿಗೆ ಶೈತಾನನ ಸಂಬಂಧ ಇಲ್ಲ ಎಂದು ಅವರಿಗೆ ವಿವರಿಸಬೇಕಾಯಿತು. 1963ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಕೆಲಸ ಮಾಡುತ್ತಿದ್ದವರು ಈ ಹೆಸರು ಇಟ್ಟರು. ಭೌತಶಾಸ್ತ್ರದಲ್ಲಿ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯ ಒಂದು ಕಲ್ಪನೆ ಇದೆ: ಒಂದು ಪೆಟ್ಟಿಗೆಯ ನಡುವಿನ ಕಿಂಡಿಯಲ್ಲಿ ಕೂತು, ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತಾ ಇರುವ ಪುಟ್ಟ ಜೀವಿ. ಯಾರಿಗೂ ಕಾಣಿಸದೆ, ದಣಿಯದೆ, ವಿಂಗಡಿಸುತ್ತಲೇ ಇರುವುದು ಅದರ ಕೆಲಸ. ಹೆಸರು ಅಲ್ಲಿಂದ ಬಂತು. ಎಷ್ಟೋ ಸರ್ವಿಸ್‌ಗಳ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ 'ಡಿ' ಅಕ್ಷರ ಇರುವುದೂ ಇದಕ್ಕೇ. ಗೂಡು ವಿಂಗಡಿಸುವ ಹೆಂಗಸರನ್ನು ದಿನಾ ನೋಡುವ ದಾದಿಗೆ ಇದು ಬೇಗ ಅರ್ಥವಾಯಿತು. ಆದರೂ ಹೆಸರು ಬೇರೆ ಇಡಬಹುದಿತ್ತು ಎಂದರು.

ಈ ಎಲ್ಲರನ್ನೂ ಎಬ್ಬಿಸುವವನು ಒಬ್ಬ ಇರುತ್ತಾನೆ. ಕರ್ನಲ್ ಎದ್ದ ಮೇಲೆ ಅದು ಮೊದಲು ಶುರುಮಾಡುವ ಪ್ರೋಗ್ರಾಂ, ಅದರ ನಂಬರ್ ಯಾವಾಗಲೂ 1. ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಆ ಕೆಲಸ ಸಿಸ್ಟಮ್‌ಡಿಯದು. ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಎಂಬವರು 2010ರಲ್ಲಿ ಅದನ್ನು ಶುರುಮಾಡಿದರು. ಉಬುಂಟು ಮತ್ತು ಡೆಬಿಯನ್ ಎರಡೂ 2015ರಲ್ಲಿ ಅದಕ್ಕೆ ಬದಲಾದವು. ಅದಕ್ಕೂ ಮುಂಚೆ ಇದ್ದ ವ್ಯವಸ್ಥೆಯಲ್ಲಿ ಒಂದು ಸರ್ವಿಸ್ ಎದ್ದ ಮೇಲೆ ಇನ್ನೊಂದು, ಅದು ಎದ್ದ ಮೇಲೆ ಮತ್ತೊಂದು, ಹೀಗೆ ನಂಬರ್ ಪ್ರಕಾರ ಸಾಲಾಗಿ ಏಳುತ್ತಿದ್ದವು. ಸಿಸ್ಟಮ್‌ಡಿ ಒಟ್ಟಿಗೇ ಎಬ್ಬಿಸುತ್ತದೆ. ನಮ್ಮ ಫಿಲೇಚರ್‌ನಲ್ಲೂ ಫಜರ್ ಆದ ಮೇಲೆ ಒಬ್ಬರು ಒಲೆ ಹೊತ್ತಿಸುತ್ತಾರೆ. ನೀರು ಕಾಯುವವರೆಗೆ ಉಳಿದವರು ಸುಮ್ಮನೆ ಕೂರುವುದಿಲ್ಲ, ಅಷ್ಟರಲ್ಲಿ ಗೂಡು ಆರಿಸುತ್ತಾರೆ. ಆದರೆ ನೀರು ಕಾಯದೆ ಗೂಡು ಬೇಯಿಸಲು ಮಾತ್ರ ಆಗುವುದಿಲ್ಲ. ಯಾವುದು ಯಾವುದಕ್ಕೆ ಕಾಯಬೇಕು ಎಂದು ಸಿಸ್ಟಮ್‌ಡಿಯಲ್ಲೂ ಬರೆದಿಟ್ಟಿರುತ್ತಾರೆ. ಈ ಸಿಸ್ಟಮ್‌ಡಿ ಬೇಕೋ ಬೇಡವೋ ಎಂದು ಲಿನಕ್ಸ್ ಜನರ ನಡುವೆ ದೊಡ್ಡ ಜಗಳವೇ ಆಗಿ, ಡೆಬಿಯನ್‌ನಿಂದ ಒಂದು ಗುಂಪು ಒಡೆದು ಡೆವುಆನ್ ಎಂಬ ಬೇರೆ ಲಿನಕ್ಸ್ ಮಾಡಿಕೊಂಡಿತು. ಅದು ದೊಡ್ಡವರ ಜಗಳ. ನನಗೆ ಬೇಕಿದ್ದದ್ದು ಮೂರು ನಿಮಿಷದ ಲೆಕ್ಕ.

ಮುಂದೆ ಕೆಲವು ಆಜ್ಞೆಗಳು ಬರುತ್ತವೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಮಾಡಬೇಕು.

ಮೊದಲನೆಯದು ಸಿಸ್ಟಮ್‌ಡಿ-ಅನಲೈಜ್. ಆನ್ ಆಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅದು ಹೇಳುತ್ತದೆ. ನಮ್ಮದು ಹೇಳಿದ್ದು: ಕರ್ನಲ್‌ಗೆ 41 ಸೆಕೆಂಡ್, ಅದರ ನಂತರದ ಭಾಗಕ್ಕೆ 2 ನಿಮಿಷ 14 ಸೆಕೆಂಡ್. ಒಟ್ಟು 2 ನಿಮಿಷ 55 ಸೆಕೆಂಡ್. ಅಬ್ಬಾ ನಿಂತುಕೊಂಡು ಲೆಕ್ಕಹಾಕಿದ ಮೂರು ನಿಮಿಷ ಸರಿಯಾಗಿಯೇ ಇತ್ತು.

ಅದೇ ಆಜ್ಞೆಯ ಮುಂದೆ ಬ್ಲೇಮ್ ಎಂದು ಸೇರಿಸಿದರೆ ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ಬರುತ್ತದೆ, ಹೆಚ್ಚು ತೆಗೆದುಕೊಂಡದ್ದು ಮೇಲೆ. ಬ್ಲೇಮ್ ಎಂದರೆ ದೂರು ಹೊರಿಸುವುದು. ಹೆಸರೇ ಹಾಗಿರುವುದರಿಂದ ಪಟ್ಟಿಯಲ್ಲಿ ಮೇಲೆ ಇರುವುದನ್ನೆಲ್ಲ ಕಿತ್ತುಹಾಕಬೇಕು ಎಂದು ಅನ್ನಿಸುತ್ತದೆ. ನನಗೆ ಪರಿಚಯದ ಅಣ್ಣ ಒಬ್ಬರು ಕೂಡ ಅದನ್ನೇ ಹೇಳಿದರು: ಮೇಲಿನ ಹತ್ತನ್ನು ಡಿಸೇಬಲ್ ಮಾಡು, ಜೆಟ್ ಹಾಗೆ ಓಡುತ್ತದೆ.

ಪಟ್ಟಿಯಲ್ಲಿ ಮೊದಲು ಇದ್ದುದು ನೆಟ್‌ವರ್ಕ್‌ಗಾಗಿ ಕಾಯುವ ಒಂದು ಸರ್ವಿಸ್, 12 ಸೆಕೆಂಡ್. ಆಮೇಲೆ 9, ಆಮೇಲೆ 7, ಹೀಗೆ ಇಳಿಯುತ್ತಾ ಹೋಗಿತ್ತು. ನಾನು ಕೂಡಿಸಲು ಹೊರಟೆ. ಆಮೇಲೆ ಯೋಚಿಸಿದರೆ ಕೂಡಿಸುವುದೇ ಸರಿಯಲ್ಲ. ಇವೆಲ್ಲ ಒಟ್ಟಿಗೇ ಏಳುವಂಥವು. ನಾಲ್ಕು ಹೆಂಗಸರು ಒಂದೇ ಸಲ ಎಂಟು ಗಂಟೆ ಕೆಲಸ ಮಾಡಿದರೆ ಕೂಲಿಗೆ ಮೂವತ್ತೆರಡು ಗಂಟೆ ಹೌದು, ಆದರೆ ಗಡಿಯಾರದಲ್ಲಿ ಎಂಟೇ ಗಂಟೆ ಕಳೆದಿರುತ್ತದೆ. 12 ಸೆಕೆಂಡ್ ತೆಗೆದುಕೊಂಡವನಿಗಾಗಿ ಬೇರೆ ಯಾರೂ ಕಾಯುತ್ತಿಲ್ಲದಿದ್ದರೆ ಅವನಿಂದ ಯಾರಿಗೂ ತಡವಾಗಿಲ್ಲ. ಯಾರಿಗಾಗಿ ಯಾರು ಕಾದರು ಎಂದು ತೋರಿಸಲು ಕ್ರಿಟಿಕಲ್-ಚೈನ್ ಎಂಬ ಬೇರೆ ಆಜ್ಞೆಯೇ ಇದೆ. ಅದನ್ನು ನೋಡಿದರೆ ಒಂದು ಕಡೆ 90 ಸೆಕೆಂಡ್ ಮಾಯವಾಗಿತ್ತು. ಒಂದು ಸಾಲಿನಲ್ಲಿ ಹೊತ್ತು ಸ್ವಲ್ಪ, ಮುಂದಿನ ಸಾಲಿನಲ್ಲಿ ಒಂದೂವರೆ ನಿಮಿಷ ಮುಂದೆ. ನಡುವೆ ಯಾರ ಹೆಸರೂ ಇಲ್ಲ. ಬ್ಲೇಮ್ ಪಟ್ಟಿಯಲ್ಲೂ 90 ಸೆಕೆಂಡ್ ತೆಗೆದುಕೊಂಡ ಒಬ್ಬನೂ ಇರಲಿಲ್ಲ.

ಇಲ್ಲಿ ನನಗೆ ಅಕೌಂಟೆನ್ಸಿ ಸಹಾಯಕ್ಕೆ ಬಂತು. ತಾಳೆ ಪಟ್ಟಿ ಹೊಂದದಿದ್ದರೆ ಏನು ಮಾಡಬೇಕು ಎಂದು ನಮ್ಮ ಮೇಡಂ ಹೇಳುವುದು ಒಂದೇ: ಜರ್ನಲ್‌ಗೆ ಹೋಗಿ. ಮೊದಲು ಬರೆದದ್ದು ಎಲ್ಲಿದೆಯೋ ಅಲ್ಲಿ ನೋಡಿ. ಸಿಸ್ಟಮ್‌ಡಿಯಲ್ಲೂ ಜರ್ನಲ್ ಇದೆ! ಹೆಸರೂ ಅದೇ. ಜರ್ನಲ್‌ಡಿ ಎಂಬ ಸರ್ವಿಸ್ ಬೇರೆ ಸರ್ವಿಸ್‌ಗಳು ಹೇಳಿದ್ದನ್ನೆಲ್ಲ ದಿನಾಂಕ, ಗಂಟೆ, ಯಾರು ಹೇಳಿದ್ದು, ಏನು ಹೇಳಿದ್ದು ಎಂದು ಸಾಲು ಸಾಲಾಗಿ ಬರೆದುಕೊಳ್ಳುತ್ತದೆ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಕೊಟ್ಟರೆ ಓದಬಹುದು. ಅದರ ಮುಂದೆ ಹೈಫನ್ ಬಿ ಎಂದು ಹಾಕಿದರೆ ಈ ಸಲ ಆನ್ ಮಾಡಿದಾಗಿನಿಂದ ಆದದ್ದು ಮಾತ್ರ. ಸಾವಿರಾರು ಸಾಲು. ಇಂಗ್ಲಿಷ್ ಎಲ್ಲವೂ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನಾನು ಎಡಗಡೆಯ ಗಂಟೆಯ ಕಾಲಂ ಮಾತ್ರ ನೋಡುತ್ತಾ ಹೋದೆ. ಸೆಕೆಂಡಿಗೆ ಹತ್ತಾರು ಸಾಲು ಬರುತ್ತಿದ್ದ ಪುಸ್ತಕದಲ್ಲಿ ಒಂದು ಕಡೆ ಸಮಯ ಇದ್ದಕ್ಕಿದ್ದ ಹಾಗೆ ಒಂದೂವರೆ ನಿಮಿಷ ಜಿಗಿದಿತ್ತು. ಜಿಗಿದ ಜಾಗದ ಸಾಲಿನಲ್ಲಿ ಬರೆದಿದ್ದುದು ಇಷ್ಟು: ಇಂಥ ನಂಬರಿನ ಡಿಸ್ಕ್‌ಗಾಗಿ ಕಾದು ಸಮಯ ಮುಗಿಯಿತು. ಅದರ ಕೆಳಗೆ, ಆದ್ದರಿಂದ ಸ್ವಾಪ್ ಆಗಲಿಲ್ಲ ಎಂದು.

ಸ್ವಾಪ್ ಎಂದರೆ ರ‍್ಯಾಮ್ ತುಂಬಿದಾಗ ಸ್ವಲ್ಪ ಸಾಮಾನು ಇಳಿಸಿಡಲು ಡಿಸ್ಕ್‌ನಲ್ಲಿ ಬಿಟ್ಟಿರುವ ಜಾಗ. ಆ ಜಾಗಕ್ಕೆ ಯುಯುಐಡಿ ಎಂಬ ಉದ್ದದ ಗುರುತಿನ ನಂಬರ್ ಇರುತ್ತದೆ. ಆಧಾರ್ ನಂಬರ್ ಇದ್ದ ಹಾಗೆ, ಆದರೆ ಜಾಗವನ್ನು ಫಾರ್ಮ್ಯಾಟ್ ಮಾಡಿದರೆ ಹೊಸ ನಂಬರ್ ಬಂದುಬಿಡುತ್ತದೆ. ಒಂದೇ ಲ್ಯಾಪ್‌ಟಾಪ್‌ಗೆ ಇನ್ನೊಂದು ಲಿನಕ್ಸ್ ಹಾಕಿ ನೋಡಿದರೆ ಸಾಮಾನ್ಯವಾಗಿ ಹೀಗಾಗುತ್ತದೆ, ಹೊಸದು ಬಂದು ಸ್ವಾಪ್ ಜಾಗವನ್ನು ಫಾರ್ಮ್ಯಾಟ್ ಮಾಡುತ್ತದೆ. ನಮ್ಮ ಕೈಗೆ ಬರುವ ಮುಂಚೆ ಯಾರೋ ಹಾಗೆ ಮಾಡಿ, ಆಮೇಲೆ ಆ ಲಿನಕ್ಸನ್ನು ಅಳಿಸಿರಬೇಕು. ಮಿಂಟ್‌ಗೆ ಇದು ಯಾರೂ ತಿಳಿಸಲಿಲ್ಲ. ಅದು ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ ಬರೆದಿದ್ದ ಹಳೇ ನಂಬರ್ ಹಿಡಿದುಕೊಂಡು, ಪ್ರತಿ ಸಲ ಆನ್ ಆದಾಗಲೂ ಆ ನಂಬರಿನವನು ಬರುತ್ತಾನೆ ಎಂದು ಬಾಗಿಲಲ್ಲಿ ಕಾಯುತ್ತಿತ್ತು. ಸಿಸ್ಟಮ್‌ಡಿ ಒಂದು ಡಿಸ್ಕ್‌ಗಾಗಿ ಮಾಮೂಲಾಗಿ ಕಾಯುವುದು ಸರಿಯಾಗಿ 90 ಸೆಕೆಂಡ್. ಸ್ವಾಪ್ ತೀರ್ಮಾನ ಆಗುವವರೆಗೆ ಉಳಿದ ಎಲ್ಲ ಸರ್ವಿಸ್‌ಗಳೂ ಹಿಂದೆ ಸಾಲಿನಲ್ಲಿ ನಿಂತಿರುತ್ತಿದ್ದವು. ಅವುಗಳ ತಪ್ಪೇನೂ ಇರಲಿಲ್ಲ. ಬ್ಲೇಮ್ ಪಟ್ಟಿಯಲ್ಲಿ ಹೆಸರು ಬಂದಿದ್ದು ಮಾತ್ರ ಅವುಗಳದೇ. ಬರಲೇ ಇಲ್ಲದವನ ಹೆಸರು ಪಟ್ಟಿಗೆ ಸೇರುವುದಾದರೂ ಹೇಗೆ?

ಸರಿಪಡಿಸುವ ಕೆಲಸ ಐದು ನಿಮಿಷದ್ದು. ಬಿಎಲ್‌ಕೆಐಡಿ ಎಂಬ ಆಜ್ಞೆಯಿಂದ ಈಗಿನ ನಿಜವಾದ ನಂಬರ್ ನೋಡಿ, ಎಫ್‌ಎಸ್‌ಟ್ಯಾಬ್‌ನ ಒಂದು ನಕಲು ತೆಗೆದಿಟ್ಟು, ಹಳೇ ನಂಬರ್ ಜಾಗದಲ್ಲಿ ಹೊಸದನ್ನು ಬರೆದೆ. ಕರ್ನಲ್‌ನ 41 ಸೆಕೆಂಡ್‌ಗೂ ಇದೇ ಕಾರಣ ಎಂದು ಜರ್ನಲ್ ಮೊದಲೇ ಸುಳಿವು ಕೊಟ್ಟಿತ್ತು, ಅಲ್ಲೂ ಸುಮಾರು 30 ಸೆಕೆಂಡ್ ಖಾಲಿ ಇತ್ತು. ಲ್ಯಾಪ್‌ಟಾಪ್ ನಿದ್ದೆಗೆ ಹೋಗಿದ್ದರೆ ಎಲ್ಲಿಂದ ಎಬ್ಬಿಸಬೇಕು ಎಂದು ಬರೆದಿಟ್ಟಿರುವ ರೆಸ್ಯೂಮ್ ಎಂಬ ಇನ್ನೊಂದು ಫೈಲಿನಲ್ಲೂ ಅದೇ ಹಳೇ ನಂಬರ್ ಕೂತಿತ್ತು. ಅದನ್ನೂ ಬದಲಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಕೊಟ್ಟೆ. 54 ಸೆಕೆಂಡ್. ಸ್ವಾಪ್ ಕೂಡ ಸಿಕ್ಕಿದ್ದರಿಂದ, ಕ್ಯಾಲ್ಕ್ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೆ ಒದ್ದಾಡುತ್ತಿದ್ದುದೂ ಕಡಿಮೆಯಾಯಿತು. ಒಂದು ಸರ್ವಿಸನ್ನೂ ಡಿಸೇಬಲ್ ಮಾಡಿರಲಿಲ್ಲ.

ಆಮೇಲೆ ನಿಜವಾಗಿ ಬೇಡದ ಸರ್ವಿಸ್‌ಗಳು ಯಾವುವು ಎಂದೂ ನೋಡಿದೆ. ಇದಕ್ಕೆ ಸಿಸ್ಟಮ್‌ಸಿಟಿಎಲ್ ಎಂಬ ಆಜ್ಞೆ ಇದೆ. ಇದರಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುವುದು ಸ್ಟಾರ್ಟ್ ಮತ್ತು ಎನೇಬಲ್ ನಡುವೆ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಸ್ಟಾರ್ಟ್ ಎಂದರೆ ಇವತ್ತು ಕೆಲಸಕ್ಕೆ ಕರೆದದ್ದು. ಎನೇಬಲ್ ಎಂದರೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆದದ್ದು, ನಾಳೆಯಿಂದ ಕರೆಯದಿದ್ದರೂ ಬೆಳಗ್ಗೆ ಬರುತ್ತಾರೆ, ಆದರೆ ಇವತ್ತು ಬಂದಿರಲೇಬೇಕು ಎಂದಿಲ್ಲ. ಸ್ಟಾಪ್ ಎಂದರೆ ಇವತ್ತು ಮನೆಗೆ ಹೋಗಿ ಎಂದದ್ದು, ನಾಳೆ ಮತ್ತೆ ಬರುತ್ತಾರೆ. ಡಿಸೇಬಲ್ ಎಂದರೆ ಹಾಜರಿಯಿಂದ ಹೆಸರು ತೆಗೆದದ್ದು, ಆದರೆ ಈಗ ಕೆಲಸ ಮಾಡುತ್ತಿರುವವರು ಸಂಜೆಯವರೆಗೆ ಮಾಡುತ್ತಲೇ ಇರುತ್ತಾರೆ. ಡಿಸೇಬಲ್ ಮಾಡಿದ ಸರ್ವಿಸನ್ನು ಬೇರೆ ಸರ್ವಿಸ್ ಕರೆದರೆ ಅದು ಎದ್ದು ಬರುತ್ತದೆ. ಯಾರು ಕರೆದರೂ ಏಳಬಾರದು ಎಂದರೆ ಮಾಸ್ಕ್ ಮಾಡಬೇಕು. ಅದು ಬಹಳ ಕಠಿಣ, ಮನೆಯಲ್ಲಿ ನನಗೆ ಅದರ ಅವಶ್ಯಕತೆ ಬಂದಿಲ್ಲ.

ತೆಗೆಯುವ ಮುಂಚೆ ಸ್ಟೇಟಸ್ ಎಂದು ಕೇಳಿದರೆ ಆ ಸರ್ವಿಸ್ ಏನು ಮಾಡುತ್ತದೆ, ಎಷ್ಟು ಹೊತ್ತಿನಿಂದ ಓಡುತ್ತಿದೆ, ಕೊನೆಗೆ ಏನು ಹೇಳಿತು ಎಂದು ತೋರಿಸುತ್ತದೆ. ಆದರೆ ಅದು ಯಾರಿಗೆ ಬೇಕು ಎಂದು ಕಂಪ್ಯೂಟರ್‌ಗೆ ಗೊತ್ತಿಲ್ಲ. ಅದನ್ನು ಮನೆಯಲ್ಲೇ ಕೇಳಬೇಕು. ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಬ್ಲೂಟೂತ್ ತೆಗೆಯಲೇ ಎಂದರೆ ತಮ್ಮ "ನಕ್ಕೋ!" ಎಂದು ಕೂಗಿದ. ಅವನು ಪಾಠದ ವಿಡಿಯೋಗಳನ್ನು ಇಯರ್‌ಫೋನ್ ಹಾಕಿಕೊಂಡು ನೋಡುವುದು ಅದರಲ್ಲೇ. ನಾನು ಅವನ ಕಿವಿಯಲ್ಲಿರುವುದನ್ನು ನೋಡಿದ್ದೆ, ಆದರೆ ಅದು ಫೋನ್‌ಗೆ ಸೇರಿದ್ದು ಅಂದುಕೊಂಡಿದ್ದೆ. ಬ್ಲೂಟೂತ್ ಉಳಿಯಿತು. ಮೋಡೆಮ್‌ಮ್ಯಾನೇಜರ್ ಎಂಬುದು ಸಿಮ್ ಹಾಕುವ ಡಾಂಗಲ್‌ಗಳಿಗಾಗಿ ಇರುವುದು. ನಮ್ಮ ಮನೆಯಲ್ಲಿ ಡಾಂಗಲ್ ಇಲ್ಲ, ಅದನ್ನು ತೆಗೆದೆ. ಬೇಡದ್ದು ಇನ್ನೂ ಒಂದೆರಡು ಹೋದವು. ಎಲ್ಲ ಸೇರಿ ಉಳಿದದ್ದು 4 ಸೆಕೆಂಡ್. ಹತ್ತನ್ನು ಕಿತ್ತುಹಾಕು ಎಂದ ಅಣ್ಣನಿಗೆ ಈ ಅಂಕಿ ಹೇಳಿದೆ, ಅವರು ನಂಬಲಿಲ್ಲ.

ಪ್ರಿಂಟರ್ ನೋಡಿಕೊಳ್ಳುವ ಸರ್ವಿಸ್‌ನ ಹೆಸರು ಕಪ್ಸ್. ಮಾಮು ಕೊಟ್ಟ ಹಳೇ ಪ್ರಿಂಟರ್ ಒಂದು ನಮ್ಮಲ್ಲಿ ಇದೆ, ವಾರಕ್ಕೆ ಒಂದು ದಿನ ಮಾತ್ರ ಕೆಲಸ. ಅದಕ್ಕಾಗಿ ಇಡೀ ವಾರ ಒಬ್ಬ ಎದ್ದು ಕೂರಬೇಕೇ ಎಂದು ಸ್ಟಾಪ್ ಕೊಟ್ಟು ನೋಡಿದೆ. ನಿಲ್ಲಿಸಿದೆ, ಆದರೆ ಸಾಕೆಟ್ ಇದನ್ನು ಮತ್ತೆ ಎಬ್ಬಿಸಬಹುದು ಎಂದು ಉತ್ತರ ಬಂತು. ಈ ಸಾಕೆಟ್ ಎಂಬುದು ನನಗೆ ಬಹಳ ಹಿಡಿಸಿತು. ಸಿಸ್ಟಮ್‌ಡಿ ತಾನೇ ಬಾಗಿಲಲ್ಲಿ ಕೂತಿರುತ್ತದೆ. ಯಾರಾದರೂ ಪ್ರಿಂಟ್ ಎಂದು ಬಾಗಿಲು ತಟ್ಟಿದರೆ ಆಗ ಕಪ್ಸನ್ನು ಎಬ್ಬಿಸಿ, ಬಂದ ಕಾಗದವನ್ನು ಅದರ ಕೈಗೆ ಕೊಡುತ್ತದೆ. ತಟ್ಟಿದವರಿಗೆ ಒಳಗಿನವನು ಮಲಗಿದ್ದ ಎಂದೇ ಗೊತ್ತಾಗುವುದಿಲ್ಲ. ಹಾಗಾಗಿ ಕಪ್ಸ್‌ನ ಹೆಸರನ್ನು ಹಾಜರಿಯಿಂದ ತೆಗೆದು, ಸಾಕೆಟ್‌ನ ಹೆಸರನ್ನು ಬರೆದೆ.

ಇಷ್ಟೆಲ್ಲ ಬೇಡದ್ದನ್ನು ತೆಗೆಯುವ ಮಾತು. ಒಂದು ಸರ್ವಿಸನ್ನು ನಾನೇ ಹೊಸದಾಗಿ ಸೇರಿಸಿದೆ. ಕರೆಂಟ್ ಹೋಗುವ ಕ್ಷಣದಲ್ಲಿ ಫೈಲ್ ಸೇವ್ ಆಗುತ್ತಿದ್ದರೆ ಅದು ಕೆಟ್ಟುಹೋಗಬಹುದು. ಅದಕ್ಕೆ ಪ್ರತಿದಿನ ರಾತ್ರಿ ಲೆಕ್ಕದ ಫೈಲಿನ ಒಂದು ನಕಲನ್ನು ಆ ದಿನದ ತಾರೀಖು ಹಾಕಿ ಬೇರೆ ಫೋಲ್ಡರಿನಲ್ಲಿ ಇಡಬೇಕು. ಲಿನಕ್ಸ್‌ನಲ್ಲಿ ಇಂಥ ಕೆಲಸಕ್ಕೆ ಹಳಬರು ಬಳಸುವುದು ಕ್ರಾನ್. ಹೇಳಿದ ಗಂಟೆಗೆ ಹೇಳಿದ ಕೆಲಸ ಮಾಡುತ್ತದೆ. ಆದರೆ ಒಂಬತ್ತೂವರೆಗೆ ಮಾಡು ಎಂದು ಹೇಳಿ, ಒಂಬತ್ತೂವರೆಗೆ ಕರೆಂಟ್ ಇಲ್ಲದಿದ್ದರೆ, ಕ್ರಾನ್ ಅವತ್ತಿನ ಕೆಲಸ ಬಿಟ್ಟೇಬಿಡುತ್ತದೆ. ನಮ್ಮ ಬೀದಿಗೆ ಅದು ಆಗದ ಮಾತು. ಸಿಸ್ಟಮ್‌ಡಿಯ ಟೈಮರ್‌ನಲ್ಲಿ ಪರ್ಸಿಸ್ಟೆಂಟ್ ಎಂಬ ಒಂದು ಸಾಲು ಇದೆ. ಅದಕ್ಕೆ ಟ್ರೂ ಎಂದು ಬರೆದರೆ, ತಪ್ಪಿಹೋದ ಕೆಲಸವನ್ನು ಮುಂದಿನ ಸಲ ಆನ್ ಆಗಿ ಲಾಗಿನ್ ಆದ ತಕ್ಷಣ ಮಾಡಿ ಮುಗಿಸುತ್ತದೆ. ಕಜಾ ಆದ ನಮಾಜನ್ನು ಆಮೇಲೆ ಮಾಡುವ ಹಾಗೆ ಎಂದು ಅಮ್ಮಿಗೆ ಹೇಳಿದೆ, ಅವರು ಹೋಲಿಕೆ ಬೇಡ ಎಂದು ಕಣ್ಣು ದೊಡ್ಡದು ಮಾಡಿದರು, ಅರ್ಥ ಮಾತ್ರ ಆಯಿತು.

ಎರಡು ಸಣ್ಣ ಫೈಲ್‌ಗಳು. ಹಿಸಾಬ್ ಡಾಟ್ ಸರ್ವಿಸ್ ಎಂಬುದರಲ್ಲಿ ಏನು ಮಾಡಬೇಕು ಎಂದು, ಹಿಸಾಬ್ ಡಾಟ್ ಟೈಮರ್ ಎಂಬುದರಲ್ಲಿ ಯಾವಾಗ ಮಾಡಬೇಕು ಎಂದು. ಎನೇಬಲ್ ಮಾಡಬೇಕಾದದ್ದು ಟೈಮರನ್ನು, ಸರ್ವಿಸನ್ನು ಅಲ್ಲ. ಹೈಫನ್ ಹೈಫನ್ ಯೂಸರ್ ಎಂದು ಸೇರಿಸಿ ನನ್ನ ಸ್ವಂತ ಲಾಗಿನ್‌ನಲ್ಲೇ ಮಾಡಿದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಕಾಗಲಿಲ್ಲ. ವಾರಕ್ಕೊಮ್ಮೆ ಆ ಫೋಲ್ಡರನ್ನು ನಾನೇ ಪೆನ್ ಡ್ರೈವ್‌ಗೆ ಹಾಕುತ್ತೇನೆ. ಡಿಸ್ಕ್ ಸತ್ತರೆ ಅದರೊಳಗಿನ ನಕಲೂ ಸಾಯುತ್ತದಲ್ಲ.

ಇದಾಗಿ ಮೂರನೇ ವಾರ ಒಂದು ಗುರುವಾರ ಸಂಜೆ ಗುಡುಗು ಮಳೆ ಬಂತು, ಫೈಲ್ ತೆರೆದಿದ್ದಾಗಲೇ ಕರೆಂಟ್ ಹೋಯಿತು. ಮರುದಿನ ತೆರೆದರೆ ಫೈಲ್ ಕೆಟ್ಟಿದೆ, ರಿಪೇರಿ ಮಾಡಲೇ ಎಂದು ಲಿಬ್ರೆಆಫೀಸ್ ಕೇಳಿತು. ಮಾಡು ಎಂದೆ, ಅದರ ಕೈಯಲ್ಲಿ ಆಗಲಿಲ್ಲ. ಮರುದಿನವೇ ವಾರದ ಬಟವಾಡೆ. ನಮ್ಮಲ್ಲಿ ಕೆಲಸ ಮಾಡುವ ಒಬ್ಬ ಖಾಲಾ ಮಗಳ ಮದುವೆಗೆಂದು ಅಡ್ವಾನ್ಸ್ ತೆಗೆದುಕೊಂಡಿದ್ದರು, ಅದನ್ನು ವಾರ ವಾರ ಮುರಿದುಕೊಳ್ಳಬೇಕು. ಇನ್ನೂ 4,000 ಬಾಕಿ ಎಂದು ಅಬ್ಬಾ ನೆನಪಿನಲ್ಲಿ. 2,500 ಮಾತ್ರ, ಹಿಂದಿನ ತಿಂಗಳು 1,500 ಕೈಯಲ್ಲೇ ಕೊಟ್ಟಿದ್ದೇನೆ ಎಂದು ಖಾಲಾ. ಇಬ್ಬರೂ ಸುಳ್ಳು ಹೇಳುವವರಲ್ಲ. ಹಿಂದಿನ ವರ್ಷ ಇದೇ ಥರದ ಮಾತಿಗೆ ಒಬ್ಬರು ಕೆಲಸ ಬಿಟ್ಟು ಹೋಗಿದ್ದರು. ಆಗ ನೋಟ್‌ಬುಕ್‌ನ ಆ ಪುಟ ನೀಲಿ ಮೋಡ ಆಗಿತ್ತು, ಯಾರ ಮಾತು ಸರಿ ಎಂದು ಇವತ್ತಿಗೂ ಗೊತ್ತಿಲ್ಲ.

ನಾನು ನಕಲುಗಳ ಫೋಲ್ಡರ್ ತೆರೆದೆ. ಬುಧವಾರ ರಾತ್ರಿಯದು ಚೆನ್ನಾಗಿತ್ತು. ಗುರುವಾರ ರಾತ್ರಿಯ ನಕಲು ಕರೆಂಟ್ ಬಂದ ಮೇಲೆ ಶುಕ್ರವಾರ ಬೆಳಗ್ಗೆ ಆಗಿತ್ತು, ಆದರೆ ಅದು ಕೆಟ್ಟ ಫೈಲಿನದೇ ನಕಲು. ತಾರೀಖು ಹಾಕಿ ಬೇರೆ ಬೇರೆ ಇಟ್ಟಿದ್ದರಿಂದ ಬುಧವಾರದ್ದು ಹಾಗೇ ಉಳಿದಿತ್ತು, ಒಂದರ ಮೇಲೆ ಒಂದು ಬರೆಯುವಂತೆ ಇದ್ದಿದ್ದರೆ ಅದೂ ಹೋಗಿರುತ್ತಿತ್ತು. ಅದರಲ್ಲಿ ಖಾಲಾ ಹೆಸರಿನ ಮುಂದೆ 1,500 ಜಮಾ, ಬಾಕಿ 2,500. ಜಮಾ, ಬಾಕಿ, ವಸೂಲಿ, ಖರ್ಚು, ಈ ಪದಗಳಲ್ಲಿ ಯಾವುದು ಕನ್ನಡ, ಯಾವುದು ಉರ್ದು ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸುವುದಿಲ್ಲ. ಪರದೆಯನ್ನು ಅಬ್ಬಾ ಕಡೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಖಾಲಾಗೆ "ಆಪ್ ಸಹೀ ಬೋಲೆ" ಎಂದರು, ಕೂಲಿ ಎಣಿಸಿ ಕೊಟ್ಟರು. ಲ್ಯಾಪ್‌ಟಾಪ್ ಮಾರುವ ಮಾತು ಆಮೇಲೆ ಬರಲಿಲ್ಲ.

ಹಳೇ ಕಂಪ್ಯೂಟರ್ ನಿಧಾನ ಎಂದು ಹೇಳುವ ಗೆಳೆಯರಿಗೆ ನಾನು ಈಗ ಮೊದಲು ಹೇಳುವುದು ಜರ್ನಲ್ ಓದು ಎಂದು. ವಿಂಡೋಸ್‌ನಲ್ಲೂ ಸರ್ವಿಸಸ್ ಎಂಬ ಪಟ್ಟಿ ಇದೆ, ಇವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕವೂ ಇದೆ, ನಮ್ಮ ಲ್ಯಾಬಿನಲ್ಲಿ ನೋಡಬಹುದು. ನೆಟ್ ಇಲ್ಲದಿದ್ದರೂ ಲಿನಕ್ಸ್‌ನಲ್ಲಿ ಮ್ಯಾನ್ ಎಂದು ಬರೆದು ಆಜ್ಞೆಯ ಹೆಸರು ಕೊಟ್ಟರೆ ಪೂರ್ತಿ ವಿವರಣೆ ಬರುತ್ತದೆ. ನಾನು ಕಲಿತದ್ದರಲ್ಲಿ ಹೆಚ್ಚಿನದು ಅಲ್ಲಿಂದ. ಅದನ್ನು ಇಂಗ್ಲಿಷಿನಲ್ಲಿ ಓದಿ, ಅಬ್ಬಾಗೆ ಉರ್ದುವಿನಲ್ಲಿ ಹೇಳಿ, ನಿಮಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಬಟವಾಡೆ ಆದ ಮುಂದಿನ ವಾರ ನಾಲ್ವರೂ ತಮ್ಮ ತಮ್ಮ ಲೆಕ್ಕವನ್ನು ಕಾಗದದ ಮೇಲೆ ಕೊಡಿ ಎಂದು ಕೇಳಿದರು. ಈಗ ಪ್ರತಿ ಶನಿವಾರ ಸಂಜೆ ನಾಲ್ಕು ಸ್ಲಿಪ್ ಪ್ರಿಂಟ್ ಆಗುತ್ತದೆ: ಎಷ್ಟು ದಿನ ಬಂದರು, ಕೂಲಿ ಎಷ್ಟು, ಅಡ್ವಾನ್ಸ್‌ನಲ್ಲಿ ಮುರಿದದ್ದು ಎಷ್ಟು, ಬಾಕಿ ಎಷ್ಟು. ವಾರವೆಲ್ಲ ಮಲಗಿರುವ ಕಪ್ಸ್ ಆಗ ಏಳುತ್ತದೆ. ಖಾಲಾಗೆ ಓದಲು ಬರುವುದಿಲ್ಲ, ಅಂಕಿ ಮಾತ್ರ ಗುರುತು ಹಿಡಿಯುತ್ತಾರೆ. ಸ್ಲಿಪ್ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಈ ವಾರ ಅಂಕಿಗಳು ಇನ್ನೂ ದೊಡ್ಡದಾಗಿ ಬರಲಿ ಎಂದು ಹೇಳಿದ್ದಾರೆ.